‘ಎರಡೇ ತಿಂಗಳು ತಗೋತೀನಿ ಮೇಡಂ’

ಖಿನ್ನತೆಯ ಮಾತ್ರೆಗೆ ಚೀಟಿ ಬರೆದು ಮುಗಿಸುವ ಹೊತ್ತಿಗೆ ಆ ಮಾತು ಬಂದೇ ಬರುತ್ತದೆ. ‘ಎರಡೇ ತಿಂಗಳು ತಗೋತೀನಿ ಮೇಡಂ, ಆಮೇಲೆ ಬಿಟ್ಬಿಡ್ತೀನಿ.’ ಒಬ್ಬರು ತಂಗಿಯ ಮದುವೆ ಮುಗಿಯುವವರೆಗೆ ಸಾಕು ಎಂದರು. ಪರೀಕ್ಷೆಗೆ ಕೂರಬೇಕಿದ್ದ ಒಬ್ಬ ಹುಡುಗ ಬೆರಳೆಣಿಸಿ ‘ಮೂರು ವಾರಕ್ಕೆ ಬರ್ಕೊಡಿ’ ಎಂದ. ಮಾತ್ರೆ ಬೇಡವೇ ಬೇಡ ಅನ್ನುವವರ ಜೊತೆ ಮಾತಾಡುವುದು ನನಗೆ ಕಷ್ಟವಲ್ಲ. ಅವರ ಹತ್ತಿರ ಕಾರಣ ಇರುತ್ತದೆ, ಎಷ್ಟೋ ಸಲ ಒಳ್ಳೆಯ ಕಾರಣವೇ. ನನ್ನ ತಲೆ ಕೆಡಿಸುವವರು ಈ ‘ಸ್ವಲ್ಪ ದಿನ’ದವರು.

ಯಾರಿಗೆ ಮಾತ್ರೆ ಬೇಕು ಅನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ದುಃಖವೆಲ್ಲ ಖಿನ್ನತೆಯಲ್ಲ. ಕೆಲಸ ಹೋದ ಎರಡನೇ ವಾರ ನಿದ್ದೆ ಬಾರದಿದ್ದರೆ ಅದಕ್ಕೆ ನಾನು ಚೀಟಿ ಬರೆಯಲು ಅವಸರ ಮಾಡುವುದಿಲ್ಲ. ಖಿನ್ನತೆ ಇದ್ದೂ ಅದು ಹಗುರವಾಗಿದ್ದರೆ ಆಪ್ತಸಮಾಲೋಚನೆ, ವ್ಯಾಯಾಮ, ನಿದ್ದೆಯ ಶಿಸ್ತು ಮೊದಲು. ವೈದ್ಯರಿಗೆ ಚಿಕಿತ್ಸೆಯ ದಾರಿ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೂ, ತೀವ್ರತೆ ಕಡಿಮೆ ಇರುವವರಿಗೆ ಅವರೇ ಬಯಸದ ಹೊರತು ಮಾತ್ರೆಯನ್ನು ಮೊದಲ ಚಿಕಿತ್ಸೆಯಾಗಿ ಕೊಡಬೇಡಿ ಎನ್ನುತ್ತದೆ. ಊಟ ಬಿಟ್ಟು, ಸ್ನಾನ ಬಿಟ್ಟು, ‘ನಾನಿಲ್ಲದಿದ್ದರೆ ಎಲ್ಲರಿಗೂ ಅನುಕೂಲ’ ಅನ್ನುವ ಹಂತಕ್ಕೆ ಬಂದವರ ಜೊತೆ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ. ಇನ್ನೊಂದು: ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವಾಗಿ, ಮಾತು ಹೆಚ್ಚಾಗಿ, ದುಡ್ಡು ನೀರಿನಂತೆ ಖರ್ಚು ಮಾಡಿದ ದಿನಗಳಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಅದು ಬೈಪೋಲಾರ್, ಅಂದರೆ ಅತಿ ಉತ್ಸಾಹ ಮತ್ತು ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ, ಆಗಿದ್ದರೆ ಈ ಮಾತ್ರೆಯೊಂದನ್ನೇ ಕೊಡುವುದು ಅಪಾಯ.

ಈಗ ಲೆಕ್ಕಕ್ಕೆ ಬರೋಣ. ಖಿನ್ನತೆಗೆ ಬರೆಯುವ ಎಸ್ಸಿಟಾಲೊಪ್ರಾಮ್, ಸೆರ್ಟ್ರಾಲಿನ್, ಫ್ಲುಆಕ್ಸೆಟಿನ್‌ಗಳು ತಲೆನೋವಿನ ಮಾತ್ರೆಯ ಹಾಗೆ ಗಂಟೆಯೊಳಗೆ ಕೆಲಸ ಮಾಡುವುದಿಲ್ಲ. ಮೊದಲ ವಾರ ಬರುವುದು ಬರೀ ಉಪದ್ರವ: ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರು, ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಹೆಚ್ಚಿನವು ಒಂದೆರಡು ವಾರದಲ್ಲಿ ಇಳಿಯುತ್ತವೆ. (ಲೈಂಗಿಕ ಆಸಕ್ತಿ ಕುಗ್ಗುವುದು ಹಾಗಲ್ಲ, ಅದು ಉಳಿದುಕೊಳ್ಳಬಹುದು; ಕೇಳಲು ನಾಚಬೇಡಿ, ನಾವು ದಿನಾ ಕೇಳುವ ಮಾತೇ ಅದು.) ಇಪ್ಪತ್ತೈದು ದಾಟದವರನ್ನು ಮನೆಯವರು ಈ ಮೊದಲ ವಾರಗಳಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಮಕ್ಕಳ ಬಗ್ಗೆ ಎಚ್ಚರಿಸಿತು, 2007ರಲ್ಲಿ ಆ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿತು. ಗುಣ ತಲೆ ಹಾಕಲು ಎರಡರಿಂದ ನಾಲ್ಕು ವಾರ ಬೇಕು, ಸರಿಯಾಗಿ ತೂಗಿ ನೋಡಲು ಆರು ವಾರ. ಮೂರು ವಾರಕ್ಕೆ ನಿಲ್ಲಿಸಿದವರು ಉಪದ್ರವವನ್ನೆಲ್ಲ ಉಂಡು, ಗುಣ ಬಂದು ಬಾಗಿಲು ತಟ್ಟುವ ಹೊತ್ತಿಗೆ ಮನೆಗೆ ಬೀಗ ಹಾಕಿಕೊಂಡು ಹೋದ ಹಾಗೆ.

ಎರಡು ತಿಂಗಳಿನವರದು ಇನ್ನೂ ದೊಡ್ಡ ಎಡವಟ್ಟು, ಏಕೆಂದರೆ ಅವರು ಚೆನ್ನಾಗಿರುತ್ತಾರೆ. ನಿದ್ದೆ ಬಂದಿದೆ, ಮುಖದಲ್ಲಿ ಕಳೆ ಬಂದಿದೆ. ‘ವಾಸಿಯಾಯ್ತಲ್ಲ, ಇನ್ಯಾಕೆ ಮಾತ್ರೆ?’ ಹತ್ತು ಸಲ ಹೇಳಿದರೂ ತಲೆಗೆ ಹೋಗದ ಜಾಗ ಇದೇ. ಹಾಗಾಗಿ ಹನ್ನೊಂದನೇ ಸಲ ಹೇಳುತ್ತೇನೆ. ಖಿನ್ನತೆಯ ಒಂದು ಸುತ್ತು ಚಿಕಿತ್ಸೆ ಇಲ್ಲದಿದ್ದರೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಮಾತ್ರೆ ಲಕ್ಷಣಗಳನ್ನು ಹತ್ತಿಕ್ಕಿದೆ, ಆದರೆ ಸುತ್ತು ಮುಗಿದಿರಲಿಕ್ಕಿಲ್ಲ. ಆಗ ಕೈ ಬಿಟ್ಟರೆ ಅದು ಮೇಲೇಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಮೊದಲ ಸಲದ ಖಿನ್ನತೆಯಾದರೂ, ಪೂರ್ತಿ ಚೆನ್ನಾಗಿದ್ದೇನೆ ಅನ್ನಿಸಿದ ದಿನದಿಂದ ಕನಿಷ್ಠ ಆರು ತಿಂಗಳು ಅದೇ ಪ್ರಮಾಣದಲ್ಲಿ ಮುಂದುವರಿಸಿ ಎನ್ನುತ್ತೇವೆ. ಎಣಿಕೆ ಮೊದಲ ಮಾತ್ರೆ ನುಂಗಿದ ದಿನದಿಂದ ಶುರುವಾಗುವುದಿಲ್ಲ. ವಾಸಿಯಾಗಲು ಹಿಡಿದ ಒಂದೂವರೆ ಎರಡು ತಿಂಗಳು ಲೆಕ್ಕಕ್ಕಿಲ್ಲ. ಕೊನೆಗೆ ನಿಧಾನವಾಗಿ ಇಳಿಸುವ ವಾರಗಳನ್ನೂ ಸೇರಿಸಿ ನೋಡಿ, ಒಂಬತ್ತು ಹತ್ತು ತಿಂಗಳಾಯಿತು. ನನ್ನ ಕಸುಬಿನಲ್ಲಿ ‘ಸ್ವಲ್ಪ ದಿನ’ ಅಂದರೆ ಇಷ್ಟು. ಹಿಂದೆಯೂ ಖಿನ್ನತೆ ಬಂದಿದ್ದರೆ ಇನ್ನೂ ಉದ್ದ. ಮೊದಲ ಮಾತ್ರೆಯೇ ಹೊಂದದೆ ಬದಲಿಸಬೇಕಾದರೆ ಅದೂ ಮೇಲೆ ಸೇರುತ್ತದೆ.

ಎರಡೇ ತಿಂಗಳಿಗೆ ಬಿಟ್ಟೂ ಆರಾಮಾಗಿರುವವರಿಲ್ಲವೇ? ಇದ್ದಾರೆ. ಅವರು ಯಾರು ಅಂತ ಮೊದಲೇ ಗುರುತಿಸಲು ನನಗೆ ಬರುವುದಿಲ್ಲ, ಅಷ್ಟೇ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ಒಬ್ಬ ಮೇಸ್ತ್ರಿ. ಅರ್ಧ ಗಂಟೆ ನನ್ನ ವಿವರಣೆ ಕೇಳಿ, ಗೋಡೆಯ ಕಡೆ ನೋಡುತ್ತಾ ಕೂತಿದ್ದವರು, ‘ಅಂದ್ರೆ ಇದು ಸೆಂಟ್ರಿಂಗು’ ಎಂದರು. ‘ಮೋಲ್ಡ್ ಹಾಕಿದ ಮಾರನೇ ದಿನಕ್ಕೇ ಮೇಲೆ ನಡೆದಾಡಬಹುದು ಮೇಡಂ, ಗಟ್ಟಿ ಅನ್ಸುತ್ತೆ. ಮನೆ ಓನರ್ರು ಬಂದು ಕಂಬ ತೆಗೀರಿ ಅಂತಾರೆ. ತೆಗೆದ್ರೆ ಕೆಳಗೆ ನಿಂತಿರೋರು ನಾವು.’ ಅವರಿಗೆ ಮತ್ತೆ ನಾನು ಏನೂ ಹೇಳಬೇಕಾಗಲಿಲ್ಲ. ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ.

ಈಗ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಫೈಲಿನ ಮೊದಲ ಹಾಳೆಯಲ್ಲಿ ಎರಡು ದಿನಾಂಕಕ್ಕೆ ಜಾಗ: ಮಾತ್ರೆ ಶುರುವಾದ ದಿನ, ಚೆನ್ನಾದ ದಿನ. ಎರಡನೆಯದನ್ನು ತುಂಬುವವರು ರೋಗಿಗಳೇ. ‘ಯಾವತ್ತು ನೀವು ನೀವಾದಿರಿ?’ ಎಂದು ಕೇಳಿದರೆ ಬರುವ ಉತ್ತರಗಳು ಚೆಂದ. ಒಬ್ಬ ತಾಯಿ ಯೋಚಿಸಿ, ‘ಮಗನ ಮೇಲೆ ಸಿಟ್ಟು ಬಂತಲ್ಲ, ಆವತ್ತು’ ಎಂದರು. ಅಷ್ಟು ತಿಂಗಳು ಅವರಿಗೆ ಸಂತೋಷವಿರಲಿ, ಸಿಟ್ಟೂ ಬಂದಿರಲಿಲ್ಲ. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆದಿದ್ದಕ್ಕೆ ಮನೆ ಹಾರಿಹೋಗುವ ಹಾಗೆ ಕೂಗಿದರಂತೆ. ಆ ದಿನಾಂಕವನ್ನೇ ಬರೆದುಕೊಂಡೆವು, ಆರು ತಿಂಗಳು ಅಲ್ಲಿಂದ.

ಬಿಡುವಾಗಲೂ ಅವಸರ ಬೇಡ. ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲೇ ತಲೆ ಸುತ್ತು, ವಿಚಿತ್ರ ಕನಸು, ಕಿರಿಕಿರಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಂ ಅನ್ನುವುದು ಶುರುವಾಗಬಹುದು. ದೇಹದಿಂದ ಬೇಗ ಖಾಲಿಯಾಗುವ ಪ್ಯಾರಾಕ್ಸೆಟಿನ್, ವೆನ್ಲಫ್ಯಾಕ್ಸಿನ್‌ಗಳಲ್ಲಿ ಇದು ಜಾಸ್ತಿ, ವಾರಗಟ್ಟಲೆ ಉಳಿಯುವ ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ. ಕರೆಂಟ್ ಹೊಡೆದವರು ‘ನೋಡಿ, ಚಟ ಹತ್ತಿಸಿಬಿಟ್ರಿ’ ಎಂದು ಬರುತ್ತಾರೆ. ಚಟವಾದರೆ ಮಾತ್ರೆಯ ಆಸೆ ಹುಟ್ಟಬೇಕು, ದಿನದಿನಕ್ಕೆ ಹೆಚ್ಚು ಬೇಕಾಗಬೇಕು, ಇಲ್ಲಿ ಅದಿಲ್ಲ. ಆದರೂ ಅವರ ಕಷ್ಟ ಸುಳ್ಳಲ್ಲ, ಕೆಲವರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಡುತ್ತದೆ. ಅದನ್ನು ಹಗುರ ಮಾಡಿ ಮಾತಾಡಿದ್ದು ನಮ್ಮ ಕಸುಬಿನವರದೇ ತಪ್ಪು. ದಿನಗಳೊಳಗೆ ಬಂದರೆ ಬಿಟ್ಟಿದ್ದರ ಪರಿಣಾಮ ಇರಬಹುದು. ವಾರಗಳು ಕಳೆದ ಮೇಲೆ ಮೆಲ್ಲಗೆ ಮಂಕು ಕವಿದರೆ ಖಿನ್ನತೆಯೇ ಮರಳುತ್ತಿರಬಹುದು. ಎರಡನ್ನೂ ನೀವೇ ತೀರ್ಮಾನಿಸಬೇಡಿ. ಈ ಅಂಕಣ ಓದಿ ಮಾತ್ರೆ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಚಟದ ಮಾತು ಬಂತಲ್ಲ, ಒಂದು ಸೋಜಿಗ. ಸೆರ್ಟ್ರಾಲಿನ್‌ಗೆ ಹೆದರುವ ಎಷ್ಟೋ ಮಂದಿಯ ಪರ್ಸಿನಲ್ಲಿ ಆತಂಕ ತಗ್ಗಿಸುವ ಮಾತ್ರೆ ಅಲ್ಪ್ರಾಜೋಲಾಮ್ ಇರುತ್ತದೆ. ‘ಅದು ಬಿಡಿ ಮೇಡಂ, ಬೇಕಾದಾಗ ಅರ್ಧ ಮಾತ್ರೆ ಅಷ್ಟೆ.’ ನಿಜವಾಗಿ ಚಟ ಹತ್ತುವುದು ಆ ಅರ್ಧ ಮಾತ್ರೆ!

ಇನ್ನೊಂದು ತುದಿಯೂ ಇದೆ, ಅದರಲ್ಲಿ ನನ್ನ ಪಾಲೂ ಇದೆ. ಒಬ್ಬ ಮೇಷ್ಟ್ರು ಆರು ವರ್ಷ ನನ್ನದೇ ಚೀಟಿ ತೋರಿಸಿ ಮಾತ್ರೆ ತರುತ್ತಿದ್ದರು. ‘ಚೆನ್ನಾಗಿದ್ದೀರಾ?’, ‘ಚೆನ್ನಾಗಿದ್ದೀನಿ’, ಮುಂದಿನ ಚೀಟಿ. ಇನ್ನೂ ಬೇಕಾ ಅಂತ ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ. ಇಂಥ ದೀರ್ಘಕಾಲದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಖಿನ್ನತೆ ಮರಳಿದ್ದು ಮಾತ್ರೆ ಇಳಿಸಿ ಬಿಟ್ಟವರಲ್ಲಿ ಶೇ. 56, ಮುಂದುವರಿಸಿದವರಲ್ಲಿ ಶೇ. 39. ಬಿಡುವುದು ಅಪಾಯ ಅಂತ ಓದಬಹುದು, ಬಿಟ್ಟವರಲ್ಲಿ ಶೇ. 44 ಮಂದಿ ಆ ವರ್ಷ ಚೆನ್ನಾಗಿಯೇ ಇದ್ದರು ಅಂತಲೂ ಓದಬಹುದು. ಮೇಷ್ಟ್ರು ಎರಡನೆಯ ರೀತಿಯಲ್ಲಿ ಓದಿದರು. ಐದು ತಿಂಗಳಲ್ಲಿ ಇಳಿಸಿದೆವು.

ಆ ಪರೀಕ್ಷೆಯ ಹುಡುಗ ಮೂರು ವಾರಕ್ಕೆ ಬಿಟ್ಟೇ ಬಿಟ್ಟಿದ್ದ. ನಾಲ್ಕು ತಿಂಗಳ ಮೇಲೆ ಬಂದು, ಒಳಗೆ ಬರದೆ ಬಾಗಿಲಲ್ಲೇ ನಿಂತ. ‘ಬೈತೀರಾ ಮೇಡಂ?’

‘ಬೈತೀನಿ. ಮೊದಲು ಕೂತ್ಕೋ.’

ಹೊಸ ಹಾಳೆ ತೆಗೆದು ಅವತ್ತಿನ ತಾರೀಖು ಬರೆದೆ. ಎರಡನೆಯ ಜಾಗವನ್ನು ಅವನಿಗೆ ತೋರಿಸಿ ಖಾಲಿ ಬಿಟ್ಟೆ.