ಗಟ್ಟಿ ಲೋಹಕ್ಕೆ ಮೆದು ವೀಲ್ ಯಾಕೆ?

ಗ್ರೈಂಡಿಂಗ್ ವೀಲ್ (ಲೋಹ ಉಜ್ಜುವ ಚಕ್ರ) ಮೇಲೆ ‘ಎ 46 ಕೆ 5 ವಿ’ ಅಂತ ಬರೆದಿರುತ್ತದೆ. ಎ ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಕಣ. 46 ಗ್ರಿಟ್, ಅಂದರೆ ಕಣದ ಗಾತ್ರ; ನಂಬರ್ ಜಾಸ್ತಿಯಾದಷ್ಟೂ ಕಣ ಸಣ್ಣದು. 5 ಸ್ಟ್ರಕ್ಚರ್, ಅಂದರೆ ಕಣಗಳ ನಡುವಿನ ಅಂತರ. ವಿ ವಿಟ್ರಿಫೈಡ್ ಬಾಂಡ್, ಅಂದರೆ ಕಣಗಳನ್ನು ಹಿಡಿದಿಡುವ, ಸುಟ್ಟ ಮಣ್ಣಿನಂಥ ಅಂಟು. ಇವೆಲ್ಲ ಬಾಯಿಪಾಠ ಮಾಡಿದರೆ ಸಾಕು. ತಲೆ ತಿನ್ನುವುದು ನಡುವಿನ ‘ಕೆ’, ಅಂದರೆ ಗ್ರೇಡ್, ವೀಲ್ ಎಷ್ಟು ಗಟ್ಟಿ ಎನ್ನುವುದು.

ಗಟ್ಟಿ ಲೋಹಕ್ಕೆ ಮೆದು ವೀಲ್, ಮೆದು ಲೋಹಕ್ಕೆ ಗಟ್ಟಿ ವೀಲ್ ಎನ್ನುವುದು ನಿಯಮ. ಉಲ್ಟಾ ಅನ್ನಿಸುತ್ತದೆ, ಅಲ್ವಾ? ಇಲ್ಲಿ ‘ಗಟ್ಟಿ’ ಅಂದರೆ ಕಣ ಗಟ್ಟಿ ಅಂತಲ್ಲ. ಬಾಂಡ್ ಕಣವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ. ಹಾರ್ಡನ್ ಮಾಡಿದ ಟೂಲ್ ಸ್ಟೀಲ್ ಉಜ್ಜುವಾಗ ಕಣದ ಮೊನೆ ಬೇಗ ಮೊಂಡಾಗುತ್ತದೆ. ಮೊಂಡಾದದ್ದು ಉದುರಿದರೆ ತಾನೇ ಕೆಳಗಿನ ಚೂಪು ಕಣ ಮೇಲೆ ಬರುವುದು? ಬಾಂಡ್ ಬಿಡದೇ ಹಿಡಿದರೆ ಕಣ ಕತ್ತರಿಸದೆ ಸುಮ್ನೆ ಉಜ್ಜುತ್ತದೆ. ವೀಲ್ ಮುಖ ಗಾಜಿನ ಹಾಗೆ ಹೊಳೆಯುತ್ತದೆ, ಜಾಬ್ (ಉಜ್ಜುತ್ತಿರುವ ಲೋಹದ ತುಂಡು) ಬಿಸಿಗೆ ನೀಲಿಗಟ್ಟುತ್ತದೆ. ಅದೇ ಗ್ಲೇಜಿಂಗ್. ಎಂಎಸ್‌ನಲ್ಲಿ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಕಣ ಬೇಗ ಮೊಂಡಾಗುವುದಿಲ್ಲ. ಅಲ್ಲಿ ಮೆದು ವೀಲ್ ಹಾಕಿದರೆ ಇನ್ನೂ ಚೂಪಾಗಿರುವ ಕಣವೇ ಉದುರಿ ವೀಲ್ ದಂಡವಾಗುತ್ತದೆ.

ಲೋಹದ ಲೆಕ್ಕ ಸುಲಭ. ಉಕ್ಕಿಗೆ ‘ಎ’, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ಬಿಳಿ ವೀಲ್. ಬೀಡು ಕಬ್ಬಿಣ (ಕಾಸ್ಟ್ ಐರನ್), ಹಿತ್ತಾಳೆಗೆ ‘ಸಿ’, ಅಂದರೆ ಸಿಲಿಕಾನ್ ಕಾರ್ಬೈಡ್. ಕಾರ್ಬೈಡ್ ಟಿಪ್‌ಗೆ ಹಸಿರು. ಅಲ್ಯೂಮಿನಿಯಂ ಅನ್ನು ಮಾಮೂಲಿ ಬೆಂಚ್ ಗ್ರೈಂಡರ್‌ಗೆ ಹಿಡಿಯಲೇಬೇಡಿ. ಲೋಹ ಕಣಗಳ ಸಂದಿಯಲ್ಲಿ ಮೆತ್ತಿಕೊಂಡು ವೀಲ್ ಬಿಸಿಯಾಗುತ್ತದೆ, ಒಡೆಯಲೂಬಹುದು.

ಈಗ ಸ್ಪೀಡು. ವೀಲ್‌ನ ವ್ಯಾಸವನ್ನು (ಎಂಎಂ) 3.14ರಿಂದ, ಮತ್ತೆ ಆರ್‌ಪಿಎಂನಿಂದ ಗುಣಿಸಿ 60,000ದಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ. 200 ಎಂಎಂ ವೀಲ್ 2880 ಆರ್‌ಪಿಎಂನಲ್ಲಿ ಸುಮಾರು 30. ಅದೇ ವೀಲ್ ಸವೆದು 150 ಎಂಎಂ ಆದಾಗ 22.6. ಮೋಟಾರ್ ಅದೇ, ಆರ್‌ಪಿಎಂ ಅದೇ, ಆದರೆ ಅಂಚಿನ ವೇಗ ಇಳಿದಿದೆ. ಆಗ ಒಂದೊಂದು ಕಣವೂ ದಪ್ಪ ಚಿಪ್ ಎಳೆಯಬೇಕು, ಹೊರೆ ತಡೆಯದೆ ಬೇಗ ಉದುರುತ್ತದೆ. ಹಾಗಾಗಿ ಸವೆದ ವೀಲ್ ಮೆದು ವೀಲ್‌ನಂತೆ ನಡೆದುಕೊಳ್ಳುತ್ತದೆ. ವೇಗ ಏರಿದರೆ ಅದೇ ಗ್ರೇಡ್ ಗಟ್ಟಿಯಂತೆ ವರ್ತಿಸುತ್ತದೆ. ಗ್ರೇಡ್ ಅರ್ಥವಾದರೆ ಸ್ಪೀಡ್ ಪಾಠ ಅರ್ಧ ಮುಗಿದಂತೆ ಅಂತ ನನಗನ್ನಿಸಿದ್ದು ಇಲ್ಲೇ.

ಇದೇ ಲೆಕ್ಕದಲ್ಲಿ, ಗಾರ್ಡ್ ಕಳಚಿ ಅದೇ ಗ್ರೈಂಡರ್‌ಗೆ 250 ಎಂಎಂ ವೀಲ್ ಹಾಕಿದರೆ 37.7 ಆಗುತ್ತದೆ. ಮಾಮೂಲಿ ವಿಟ್ರಿಫೈಡ್ ವೀಲ್‌ನ ಮಿತಿ 35ರ ಆಸುಪಾಸು. ಅದಕ್ಕೇ ವೀಲ್ ಮೇಲಿನ ಗರಿಷ್ಠ ಆರ್‌ಪಿಎಂ ಓದದೆ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಠಣ್ ಎನ್ನುವ ಶಬ್ದ (ಬಿರುಕಿಲ್ಲ ಎನ್ನುವ ಗುರುತು) ಕೇಳದೆ ಸ್ಪಿಂಡಲ್‌ಗೆ ಏರಿಸಬೇಡಿ.