ಎಡಗೈ ಗಡಿಯಾರ, ಬಲಗೈ ಸೋಮಾರಿ

ಅರೇಂಜರ್ ಕೀಬೋರ್ಡ್ ಅಂದರೆ ಹಿಮ್ಮೇಳವನ್ನೂ ತಾನೇ ನುಡಿಸುವ ಕೀಬೋರ್ಡ್. ಅದರಲ್ಲಿ ಜಾಝ್‌ನ ಓಲಾಡುವ ಲಯವಾದ ಸ್ವಿಂಗ್‌ನ ಸ್ಟೈಲ್ (ಮೊದಲೇ ದಾಖಲಿಸಿಟ್ಟ ಹಿಮ್ಮೇಳ) ಹಾಕಿ, ಎಡಗೈಯಲ್ಲಿ ಒಂದು ಕಾರ್ಡ್ (ಒಟ್ಟಿಗೆ ಹಿಡಿಯುವ ಕೆಲವು ಸ್ವರ) ಒತ್ತಿದರೆ ಸಾಕು, ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಹೊರಟುಬಿಡುತ್ತವೆ. ಮೊದಲ ಸಲ ಖುಷಿಯೋ ಖುಷಿ. ಎರಡು ನಿಮಿಷ ಕಳೆಯುವಷ್ಟರಲ್ಲಿ ಕಿವಿ ಹೇಳುತ್ತದೆ, ಇದು ಮೆಷೀನು. ವಾದ್ಯದ ದನಿಗಳು ಇವತ್ತು ಸಾಕಷ್ಟು ಚೆನ್ನಾಗಿಯೇ ಇವೆ. ಗುಟ್ಟು ರಟ್ಟಾಗುವುದು ಜಾಸ್ತಿ ಟೈಮಿಂಗ್‌ನಿಂದ.

ಸ್ವಿಂಗ್‌ನಲ್ಲಿ ಒಂದು ಬೀಟು ಎರಡು ಹೋಳಾಗುತ್ತದೆ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಪಾಠದ ಲೆಕ್ಕ 2:1. ನಿಮಿಷಕ್ಕೆ 120 ಬೀಟ್ ಇದ್ದರೆ ಸುಮಾರು 333 ಮತ್ತು 167 ಮಿಲಿಸೆಕೆಂಡ್. ನಿಜವಾದ ಡ್ರಮ್ಮರ್‌ಗಳು ಈ ಲೆಕ್ಕಕ್ಕೆ ಕಟ್ಟುಬೀಳುವುದಿಲ್ಲ. ನಿಧಾನದ ಹಾಡಿನಲ್ಲಿ ಉದ್ದದ ಹೋಳು ಇನ್ನೂ ಹಿಗ್ಗುತ್ತದೆ. ವೇಗ ಏರಿದಂತೆ ಎರಡೂ ಹೆಚ್ಚುಕಡಿಮೆ ಸಮ ಆಗುತ್ತವೆ. ಸ್ಟೈಲ್‌ನಲ್ಲಿ ಮಾತ್ರ ಪ್ರತಿ ಪೆಟ್ಟೂ ಬೀಟಿನ ಇಷ್ಟನೇ ಭಾಗದಲ್ಲಿ ಅಂತ ದಾಖಲಾಗಿರುತ್ತದೆ. ಟೆಂಪೋ ಬದಲಾದರೂ ಅನುಪಾತ ಬದಲಾಗುವುದಿಲ್ಲ. 130ಕ್ಕೆ ಮಾಡಿದ ಸ್ಟೈಲನ್ನು 240ಕ್ಕೆ ಏರಿಸಿ ನೋಡಿ, ಕುದುರೆ ಗಾಡಿ ಓಡಿದ ಹಾಗೆ ಕೇಳುತ್ತದೆ. ವೇಗದ ಹಾಡಿಗೆ ಬೇರೆ ಸ್ಟೈಲೇ ಬೇಕು.

2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜರ್ಮನಿಯ ಗಟಿಂಗನ್‌ನ ಭೌತವಿಜ್ಞಾನಿಗಳು ಪಿಯಾನೋ ಸೋಲೋಗಳ ಟೈಮಿಂಗ್ ತಿದ್ದಿ ಜಾಝ್ ವಾದಕರಿಗೆ ಕೇಳಿಸಿದರು. ಬೀಟಿನ ಮೇಲೆ ಬೀಳುವ ಸ್ವರಗಳನ್ನು ಸುಮಾರು 30 ಮಿಲಿಸೆಕೆಂಡ್ ತಡಮಾಡಿ, ನಡುವಿನವನ್ನು ಹಾಗೇ ಬಿಟ್ಟಾಗ ಸ್ವಿಂಗ್ ಹೆಚ್ಚಿದೆ ಅನ್ನಿಸಿತು. 30 ಮಿಲಿಸೆಕೆಂಡ್ ಅಂದರೆ ಶಬ್ದ ಹತ್ತು ಮೀಟರ್ ಸಾಗುವಷ್ಟು ಹೊತ್ತು, ಅಷ್ಟೇ.

ಇಲ್ಲಿ ಮೆಷೀನಿನ ಮೊಂಡುತನ ನಮಗೆ ವರ. ಅದರ ಡ್ರಮ್ಸ್ ಕದಲುವುದಿಲ್ಲ, ಹಾಗಾಗಿ ಬಲಗೈ ಸ್ವಲ್ಪ ಹಿಂದೆ ಒರಗಿಕೊಂಡು ನುಡಿಸಬಹುದು. ಎಡಗೈಗೆ ಆ ಸುಖ ಇಲ್ಲ. ಕಾರ್ಡ್ ಒಂದು ಚೂರು ತಡವಾದರೂ ಬೇಸ್ ಹಳೆಯ ಕಾರ್ಡಿನ ಸ್ವರವನ್ನೇ ಮೊದಲ ಬೀಟಿಗೆ ಬಾರಿಸಿಬಿಡುತ್ತದೆ. ಒಂದು ಕೈ ಗಡಿಯಾರದಂತೆ, ಇನ್ನೊಂದು ಸೋಮಾರಿಯಂತೆ. ಹೇಳುವುದು ಸುಲಭ, ನನಗಂತೂ ತಿಂಗಳುಗಟ್ಟಲೆ ಹಿಡಿಯಿತು.

ಪಿಯಾನೋ ಕಲಿತವರು ಎಡವುವ ಜಾಗ ಇನ್ನೊಂದಿದೆ. ಜಾಝ್ ಪಿಯಾನೋದಲ್ಲಿ ಎಡಗೈ ಎಷ್ಟೋ ಸಲ ಕಾರ್ಡಿನ ಮೂಲ ಸ್ವರವನ್ನೇ ಬಿಡುತ್ತದೆ, ಅದನ್ನು ಬೇಸ್ ವಾದಕ ನೋಡಿಕೊಳ್ಳುತ್ತಾನೆ ಅಂತ. ಸಿ ಮೇಜರ್ 7 ಕಾರ್ಡಿಗೆ ಮೂಲವಾದ ಸಿ ಬಿಟ್ಟು ಇ, ಜಿ, ಬಿ, ಡಿ ಒತ್ತುತ್ತಾರೆ. ಕೀಬೋರ್ಡಿಗೆ ಈ ನಾಲ್ಕು ಸ್ವರ ಅಂದರೆ ಇ ಮೈನರ್ 7 ಅನ್ನುವ ಬೇರೆಯದೇ ಕಾರ್ಡ್. ಪಾಪ, ಅದರ ಬೇಸ್ ಇ ಹಿಡಿದು ಹೊರಡುತ್ತದೆ! ಎಡಗೈಯಲ್ಲಿ ಸಿ ಸೇರಿಸಿ ಸಾದಾ ಕಾರ್ಡೇ ಒತ್ತಿ, ಎಡಗೈಯ ವಾಯ್ಸ್ (ಅದು ಒತ್ತಿದ ಸ್ವರಗಳ ದನಿ) ಆಫ್ ಮಾಡುವುದು ವಾಸಿ. ಆಗ ಆ ಕಾರ್ಡ್ ಬ್ಯಾಂಡಿಗೆ ಕೊಟ್ಟ ಸನ್ನೆ ಮಾತ್ರ. ಡಿ, ಬಿಯಂಥ ಬಣ್ಣದ ಸ್ವರಗಳನ್ನು ಬಲಗೈ ನೋಡಿಕೊಳ್ಳಲಿ.

ಕೊನೆಗೆ ಲೂಪು. ನಾಲ್ಕು ಬಾರ್‌ಗೊಮ್ಮೆ (ಬಾರ್ ಅಂದರೆ ತಾಳದ ಒಂದು ಸುತ್ತು) ಅದೇ ಬೇಸ್ ಓಡಾಟ ಮರಳಿದರೆ ಕಿವಿ ಹಿಡಿದೇ ಹಿಡಿಯುತ್ತದೆ. ವೇರಿಯೇಷನ್, ಅಂದರೆ ಅದೇ ಸ್ಟೈಲಿನ ಇನ್ನೊಂದು ರೂಪ, ಬದಲಿಸುವುದು ಒಂದು ದಾರಿ. ನನಗೆ ಇಷ್ಟವಾದದ್ದು ವಾದ್ಯಗಳನ್ನು ಕಡಿಮೆ ಮಾಡುವುದು. ಸ್ಟ್ರಿಂಗ್ಸ್, ಬ್ರಾಸ್ ಮೊದಲೇ ಮ್ಯೂಟ್. ಸೋಲೋ ಶುರುವಾದಾಗ ಎಂಟು ಬಾರ್ ಬೇಸನ್ನೂ ನಿಲ್ಲಿಸುತ್ತೇನೆ, ಬರೀ ಡ್ರಮ್ಸ್‌ನ ರೈಡ್ ಸಿಂಬಲ್ (ಲಯ ಹಿಡಿಯುವ ಲೋಹದ ತಟ್ಟೆ) ಉಳಿಯುತ್ತದೆ. ಒಂಬತ್ತನೇ ಬಾರ್‌ನಲ್ಲಿ ಬೇಸ್ ವಾಪಸ್ ಬಂದಾಗ, ಹಿಂದೆ ಯಾರೋ ನನ್ನನ್ನು ಕೇಳಿಸಿಕೊಂಡು, ಈಗ ಸೇರೋಣ ಅಂತ ಸೇರಿದ ಹಾಗಿರುತ್ತದೆ.