ಬೆನ್ನಿಗೆ ಬೀಸುವ ಗಾಳಿ, ಮೈಗೆ ಏರುವ ಬಿಸಿ

1896ರ ನವೆಂಬರ್ 24ರಂದು ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಯೂರು ಕೂಲ್ಗಾರ್ಡಿಯಿಂದ ಆರ್ಥರ್ ರಿಚರ್ಡ್‌ಸನ್ ಎಂಬ ತರುಣ ಒಬ್ಬನೇ ಸೈಕಲ್ ಹತ್ತಿ ಹೊರಟ. ಜೊತೆಗಿದ್ದದ್ದು ಸಣ್ಣದೊಂದು ಗಂಟು, ಒಂದು ನೀರಿನ ಚೀಲ. ದಾರಿ ತೋರಲು ಟೆಲಿಗ್ರಾಫ್ ತಂತಿ. ನಲ್ಲರ್ಬೋರ್ ಬಯಲನ್ನು ದಾಟಿ 31 ದಿನಗಳಲ್ಲಿ ಅಡಿಲೇಡ್ ಮುಟ್ಟಿದ. ಸೈಕಲ್ಲಿನಲ್ಲಿ ಆ ಬಯಲು ದಾಟಿದ ಮೊದಲಿಗ ಅವನೇ. ಬಿಸಿಲು 'ನೆರಳಿನಲ್ಲಿ ಸಾವಿರ ಡಿಗ್ರಿ' ಇತ್ತು ಎಂದು ಆಮೇಲೆ ಹೇಳಿಕೊಂಡ. ನಲ್ಲರ್ಬೋರ್ ಎಂಬ ಹೆಸರು ಬಂದದ್ದೇ 'ಮರವಿಲ್ಲ' ಎಂಬ ಲ್ಯಾಟಿನ್ ಮಾತಿನಿಂದ. ಇವನಿಗೆ ನೆರಳೆಲ್ಲಿ ಸಿಕ್ಕಿತೋ!

ಆ ಕಾಲದ ನೀರಿನ ಚೀಲಗಳು ದಪ್ಪ ಕ್ಯಾನ್ವಾಸಿನವು. ನೀರು ಸಣ್ಣಗೆ ಜಿನುಗಿ ಹೊರಮೈ ಒದ್ದೆಯಾಗುತ್ತಿತ್ತು. ಆ ಪಸೆ ಆರುವಾಗ ಒಳಗಿನ ನೀರಿನ ಶಾಖವನ್ನೂ ಹೊತ್ತೊಯ್ಯುತ್ತಿತ್ತು. ನಮ್ಮ ಮಣ್ಣಿನ ಹೂಜಿ ಮಾಡುವುದೂ ಇದನ್ನೇ. ಸೈಕಲ್ ತುಳಿಯುವವನ ಮೈಯೂ ಒಂದು ಹೂಜಿ. ಆದರೆ ಇದರೊಳಗೆ ಒಲೆ ಉರಿಯುತ್ತಿರುತ್ತದೆ.

ಒಲೆ ಸಣ್ಣದೇನಲ್ಲ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಪೆಡಲಿಗೆ ಇಳಿಯುವುದು ಹೆಚ್ಚೆಂದರೆ ಕಾಲುಭಾಗ. ಪೆಡಲಿಗೆ 100 ವಾಟ್ ಕೊಟ್ಟರೆ 300ರಿಂದ 400 ವಾಟ್ ಮೈಯನ್ನೇ ಕಾಯಿಸುತ್ತದೆ. ಗಾಳಿಯ ಉಷ್ಣತೆ 35 ಡಿಗ್ರಿ ದಾಟಿತೆಂದರೆ ಚರ್ಮಕ್ಕಿಂತ ಗಾಳಿಯೇ ಬಿಸಿ. ಆಗ ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೌಲ್ ಶಾಖ ಹೋಗುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಸಲು ಹತ್ತಿರ ಹತ್ತಿರ ಅಷ್ಟೇ ಬೇಕು. ಲೆಕ್ಕ ಹಾಕಿದರೆ ಒಳಗಿನ ಒಲೆಗೇ ಗಂಟೆಗೆ ಅರ್ಧ ಲೀಟರ್ ಬೆವರು. ನೆತ್ತಿಯ ಬಿಸಿಲಿಗೆ, ಕಾದ ನೆಲಕ್ಕೆ ಬೇರೆ ಪಾಲು.

ಬೆವರು ಸುರಿದರೆ ಪ್ರಯೋಜನವಿಲ್ಲ, ಆರಬೇಕು. ಆರಲು ಮೈಮೇಲೆ ಗಾಳಿ ಹಾಯಬೇಕು. ಸೈಕಲ್ಲಿನ ವಿಚಿತ್ರ ಇರುವುದು ಇಲ್ಲಿ. ಬೆನ್ನ ಹಿಂದಿನಿಂದ ಗಂಟೆಗೆ 25 ಕಿ.ಮೀ. ಗಾಳಿ, ನೀವೂ 25ರಲ್ಲಿ ಹೊರಟಿದ್ದೀರಿ ಅನ್ನಿ: ಮೈಗೆ ತಾಗುವ ಗಾಳಿ ಸೊನ್ನೆ. ದಾರಿ ಸರಸರ ಸಾಗುತ್ತಿದೆ ಎಂದು ಹಿಗ್ಗುವಷ್ಟರಲ್ಲಿ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ಹಾಳಾಗುತ್ತಿರುತ್ತದೆ. ಎಲ್ಲರೂ ಬೈಯುವ ಎದುರುಗಾಳಿ ಕಾಲಿನ ಕಸುವು ಹೀರಿದರೂ, ಒಣಹವೆಯಲ್ಲಿ ಮೈ ತಣಿಸುವುದು ಅದೇ. ಬಿಸಿಲುನಾಡಿನಲ್ಲಿ ಬೆನ್ನಗಾಳಿಯನ್ನು ಅರ್ಧ ಮಾತ್ರ ಗೆಳೆಯನೆಂದು ನಾನು ಎಣಿಸುತ್ತೇನೆ.

ಇಂದು ಅದೇ ಸೀಮೆಯಲ್ಲಿ ಐರ್ ಹೆದ್ದಾರಿಯಿದೆ. ಬಲ್ಲಡೋನಿಯಾ ಕಳೆದ ಮೇಲೆ ಕೈಗೂನಾ ತನಕ 146.6 ಕಿ.ಮೀ. ಒಂದೇ ಒಂದು ತಿರುವಿಲ್ಲ. ಗಂಟೆಗೆ 20 ಕಿ.ಮೀ. ತುಳಿದರೂ ಏಳು ತಾಸಿಗೆ ಮಿಕ್ಕಿ. ಅಂದರೆ ಐದಾರು ಲೀಟರಾದರೂ ನೀರು, ಹೊರಲು ಐದಾರು ಕಿಲೋ. ಬರೀ ನೀರನ್ನೇ ಮಿತಿಮೀರಿ ಕುಡಿದರೆ ಅದೂ ತೊಂದರೆ: ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳಬಹುದು. ಒಂದೆರಡು ವಾರ ಬಿಸಿಲಿಗೆ ಪಳಗಿದ ಮೈ ಮಾತ್ರ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುತ್ತದೆ.

ಈಗಿನ ಪ್ಲಾಸ್ಟಿಕ್ ಬಾಟಲಿ ಜಿನುಗುವುದಿಲ್ಲ. ಹಾಗಾಗಿ ಬಿಸಿಲುದಾರಿಯ ಸೈಕಲ್ ಸವಾರರು ಅದಕ್ಕೊಂದು ಕಾಲುಚೀಲ ತೊಡಿಸಿ, ಒದ್ದೆ ಮಾಡಿ, ಗಾಳಿಗೆ ಒಡ್ಡುತ್ತಾರೆ. ಬೆನ್ನಗಾಳಿಯ ದಿನ ಆ ನೀರೂ ಅಷ್ಟಾಗಿ ತಣಿಯುವುದಿಲ್ಲ.